ಮಿನೆಟ್ ಡಿ ಸಿಲ್ವಾ ನೆನಪಿನಲ್ಲಿ ವಿದ್ಯಾರ್ಥಿನಿ ನಿಧಿ: ದೇಣಿಗೆಗಾಗಿ ಮನವಿ

ಮಾನ್ಯರೇ,

ವಾಸ್ತುಶಿಲ್ಪ ಓದುತ್ತಿರುವ ನಮ್ಮ ರಾಜ್ಯದ ಬಡ ಹೆಣ್ಣುಮಕ್ಕಳಿಗಾಗಿ ನಮ್ಮ ಟ್ರಸ್ಟ್ ನಿಧಿಯೊಂದನ್ನು ತೆರೆಯುತ್ತಿದೆ. ಅದಕ್ಕೆ ಶ್ರೀಲಂಕಾದ ವಾಸ್ತುಶಿಲ್ಪಿ ಮಿನೆಟ್ ಡಿ ಸಿಲ್ವಾ ಅವರ ಹೆಸರೇಕೆ ಎಂದು ನಮ್ಮ ಸಭೆಯಲ್ಲೇ ಪ್ರಶ್ನೆ ಬಂದಿತ್ತು. ಉತ್ತರ ಅವರ ಬದುಕಿನಲ್ಲೇ ಇದೆ.

ಮಿನೆಟ್ ಹುಟ್ಟಿದ್ದು 1918ರಲ್ಲಿ, ಕ್ಯಾಂಡಿಯಲ್ಲಿ. ವಾಸ್ತುಶಿಲ್ಪ ಕಲಿಯಲು ಮುಂಬಯಿಗೆ ಬಂದು ಜೆ.ಜೆ. ಕಲಾಶಾಲೆ ಸೇರಿದರು. ಗಾಂಧೀಜಿಯವರ ಬಿಡುಗಡೆಗೆ ಒತ್ತಾಯಿಸಿದ ಮೆರವಣಿಗೆಗೆ ಹೋದ ಮೇಲೆ ಕ್ಷಮಾಪಣೆ ಬರೆದುಕೊಡಲು ಒಪ್ಪಲಿಲ್ಲ, ಶಾಲೆಯಿಂದ ಹೊರಬಿದ್ದರು. ಓದು ಅರ್ಧಕ್ಕೆ ನಿಂತ ಆ ಹುಡುಗಿಗೆ ಕೆಲಸ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. ಹಿಟ್ಲರನ ಜರ್ಮನಿಯನ್ನು ತೊರೆದು ಬಂದು ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ ಅವರ ಕೈಕೆಳಗೆ, ಟಾಟಾ ಉಕ್ಕಿನ ನಗರ ಜಮ್‌ಶೆಡ್‌ಪುರದ ವಸತಿ ಯೋಜನೆಗಾಗಿ ದುಡಿದರು. ಮುಂದೆ ಲಂಡನ್‌ನಲ್ಲಿ ಓದು ಮುಗಿಸಿ, 1948ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯ ಸದಸ್ಯತ್ವ ಪಡೆದ ಏಷ್ಯಾದ ಮೊದಲ ಮಹಿಳೆಯಾದರು.

ಕ್ಯಾಂಡಿಗೆ ಮರಳಿ ಅವರು ಕಟ್ಟಿದ ಮೊದಲ ಮನೆ ಕರುಣಾರತ್ನೆ ಕುಟುಂಬದ್ದು. ಇಳಿಜಾರನ್ನು ಕಡಿದು ಮಟ್ಟ ಮಾಡುವ ಬದಲು ಮನೆಯನ್ನೇ ಹಂತಹಂತವಾಗಿ ಇಳಿಜಾರಿಗೆ ಹೊಂದಿಸಿದರು. ಬಾಗಿಲುಗಳಿಗೆ ಊರಿನ ನೇಯ್ಗೆಯವರು ಹೆಣೆದ ದುಂಬರ ಎಂಬ ಸಾಂಪ್ರದಾಯಿಕ ಚಾಪೆ ಕೂರಿಸಿದರು, ಸ್ಥಳೀಯ ಕುಶಲಕರ್ಮಿಗಳಿಂದ ಅರಗಿನ ಕೆಲಸ ಮಾಡಿಸಿದರು. ಅಂಚೆಚೀಟಿಯಷ್ಟು ಅಂಗಳವನ್ನೂ ಬಿಡದೆ ಗಾಜಿನ ಪೆಟ್ಟಿಗೆ ಕಟ್ಟುವ ಇಂದಿನವರು ಆ ಮನೆಯ ಚಿತ್ರವನ್ನಾದರೂ ನೋಡಬೇಕು. 1950ರ ದಶಕದ ಕೊನೆಗೆ, ಕ್ಯಾಂಡಿಯ ವಾಟಪುಲುವದಲ್ಲಿ ಸರ್ಕಾರಿ ನೌಕರರಿಗೆ ಮನೆಗಳನ್ನು ಯೋಜಿಸುವಾಗ, ಅಲ್ಲಿ ವಾಸಿಸಬೇಕಾದವರಿಗೇ ಪ್ರಶ್ನಾವಳಿ ಕೊಟ್ಟು ಅವರ ಬೇಕುಬೇಡಗಳನ್ನು ಕೇಳಿಕೊಂಡರು. ನಮ್ಮಲ್ಲಿ ಈಗಲೂ ಎಷ್ಟು ಬಡಾವಣೆಗಳಿಗೆ ಆ ಭಾಗ್ಯವಿದೆ?

ಅವರ ನಾಡಿನ ವಾಸ್ತುಶಿಲ್ಪಿಗಳ ಸಂಸ್ಥೆ 1996ರಲ್ಲಿ ಚಿನ್ನದ ಪದಕ ಕೊಟ್ಟಿತು. ಎರಡು ವರ್ಷಗಳ ಬಳಿಕ, ಹಣದ ಮುಗ್ಗಟ್ಟಿನಲ್ಲಿದ್ದಾಗಲೇ ತೀರಿಕೊಂಡರು. ಅವರ ಕಟ್ಟಡಗಳಲ್ಲಿ ಹಲವು ಇಂದು ಉಳಿದಿಲ್ಲ.

ವಾಸ್ತುಶಿಲ್ಪದ ಪದವಿ ಐದು ವರ್ಷದ್ದು. ಕಾಲೇಜು ಶುಲ್ಕಕ್ಕೆ ವಿದ್ಯಾರ್ಥಿವೇತನವೋ ಸಾಲವೋ ಹೇಗೋ ಹೊಂದಿಕೆಯಾಗುತ್ತದೆ. ಮಕ್ಕಳು ಸೋಲುವುದು ಅದರಾಚೆಯ ಖರ್ಚಿಗೆ: ಡ್ರಾಯಿಂಗ್ ಬೋರ್ಡು, ಮಾದರಿ ಮಾಡುವ ರಟ್ಟು, ನಕ್ಷೆಗಳ ದೊಡ್ಡ ಪ್ರಿಂಟು, ಲ್ಯಾಪ್‌ಟಾಪು, ಅಧ್ಯಯನ ಪ್ರವಾಸ. ಒಂದು ಮಾದರಿಯನ್ನು ಅಧ್ಯಾಪಕರು ತಿದ್ದಿ ಮತ್ತೆ ಮಾಡಿಸಿದರೆ ಖರ್ಚೂ ಮತ್ತೆ ಮೊದಲಿನಿಂದ. ನಿಧಿಯ ಹಣ ಇವಿಷ್ಟಕ್ಕೇ ಮೀಸಲು. ಕಟ್ಟಡಕ್ಕಾಗಲಿ, ಸಮಾರಂಭಕ್ಕಾಗಲಿ, ಹಾರ-ತುರಾಯಿಗಾಗಲಿ ಒಂದು ರೂಪಾಯಿಯೂ ಹೋಗುವುದಿಲ್ಲ.

ಐದುನೂರು ರೂಪಾಯಿ ಕೊಟ್ಟರೂ ಸಂತೋಷ. ವಾಸ್ತುಶಿಲ್ಪಿಗಳು, ಎಂಜಿನಿಯರುಗಳು ತಾವು ಬಳಸದೆ ಇಟ್ಟಿರುವ ಬೋರ್ಡು, ಉಪಕರಣ, ಪುಸ್ತಕಗಳನ್ನೂ ಕಳುಹಿಸಬಹುದು. ಸುಸ್ಥಿತಿಯಲ್ಲಿರಲಿ ಎಂಬುದಷ್ಟೇ ಕೋರಿಕೆ. ಹಣವನ್ನು ಚೆಕ್, ಡಿಡಿ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕ ಟ್ರಸ್ಟ್ ಹೆಸರಿಗೇ ಕಳುಹಿಸಿ, ಯಾರ ಸ್ವಂತ ಖಾತೆಗೂ ಬೇಡ. ಪ್ರತಿ ದೇಣಿಗೆಗೂ ರಶೀದಿ ಕೊಡುತ್ತೇವೆ. ವರ್ಷದ ಲೆಕ್ಕಪತ್ರ ಕಚೇರಿಯಲ್ಲಿರುತ್ತದೆ, ದಾನಿಗಳು ಯಾವಾಗ ಬೇಕಾದರೂ ಬಂದು ನೋಡಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು ಮತ್ತು ಧರ್ಮದರ್ಶಿಗಳು