ಪಂಪು ಕೊಳ್ಳುವ ಮುನ್ನ: ಮಗಳಿಗೊಂದು ಪತ್ರ

ಚಿ. ಸೌ. ಮಗಳಿಗೆ ಬಳ್ಳಾರಿಯಿಂದ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಮೊನ್ನೆ ನೀನು ಎದೆಹಾಲು ತೆಗೆಯುವ ಮೂರು ಪಂಪುಗಳ ಚಿತ್ರ ಕಳಿಸಿ, "ಯಾವುದು ತಗೊಳ್ಳಲಿ ಹೇಳವ್ವ" ಎಂದು ಕೇಳಿದೆ. ಅಷ್ಟರಲ್ಲಿ ಕೂಸು ಎದ್ದು ಅತ್ತಿತು, ಮಾತು ಅಲ್ಲಿಗೇ ನಿಂತಿತು. ಇಂಥದ್ದನ್ನು ಫೋನಿನಲ್ಲಿ ಅರೆಬರೆ ಹೇಳುವುದಕ್ಕಿಂತ ಬರೆದು ಕಳಿಸಿದರೆ ನಿನ್ನ ಅತ್ತೆಯವರೂ ಒಮ್ಮೆ ಓದಿಕೊಳ್ಳುತ್ತಾರೆ. ಹಗಲೆಲ್ಲ ಕೂಸಿಗೆ ಹಾಲು ಕುಡಿಸುವವರು ಅವರೇ ತಾನೆ?

ಹೆರಿಗೆಗೆ ಎಂಟು ವಾರ ಮುಂಚೆಯೇ ನೀನು ರಜೆ ಹಾಕಿದ್ದರಿಂದ, ರಜೆಯ 26 ವಾರಗಳ ಪೈಕಿ ಕೂಸು ಹುಟ್ಟಿದ ಮೇಲೆ ಉಳಿದದ್ದು 18 ವಾರ. ಏಪ್ರಿಲ್‌ನಲ್ಲಿ ನೀನು ಶಕ್ತಿನಗರದ ಬ್ಯಾಂಕಿಗೆ ಮರಳಿ ಹೋಗುವಾಗ ಕೂಸಿಗೆ ನಾಲ್ಕು ತಿಂಗಳು ತುಂಬಿರುತ್ತದೆ, ಅಷ್ಟೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ರಾಯಚೂರಿನ ಬಿಸಿಲೇ ಇರಲಿ, ನೀರೂ ಬೇಡ. ಆದ್ದರಿಂದ ಎಂದೋ ಒಮ್ಮೆ ಹಾಲು ತೆಗೆಯುವವರ ಪಂಪು ನಿನಗೆ ಸಾಲದು. ದಿನಕ್ಕೆ ಎರಡು ಮೂರು ಬಾರಿ, ತಿಂಗಳುಗಟ್ಟಲೆ ನಡೆಯುವಂಥದ್ದು ಬೇಕು.

ನೀನು ಕಳಿಸಿದ ಮೂರರಲ್ಲಿ ಕೈಯಿಂದ ಒತ್ತುವ ಪಂಪು ಅಗ್ಗ, ಕರೆಂಟೂ ಬೇಡ. ಆದರೆ ಒಂದೊಂದೇ ಬದಿ ಒತ್ತುತ್ತ ಕುಳಿತರೆ ಮಣಿಕಟ್ಟು ಸೋಲುತ್ತದೆ, ನಿನ್ನ ಬಿಡುವಿನ ವೇಳೆಯೂ ಮುಗಿಯುತ್ತದೆ. ಎರಡೂ ಬದಿಗೆ ಒಟ್ಟಿಗೆ ಹಚ್ಚುವ, ಚಾರ್ಜ್ ಮಾಡಿಟ್ಟುಕೊಳ್ಳಬಹುದಾದ ವಿದ್ಯುತ್ ಪಂಪಾದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಊಟದ ಬಿಡುವಿನ ಹೊರತಾಗಿ, ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸುವುದಕ್ಕೆ ದಿನಕ್ಕೆ ಎರಡು ಬಿಡುವು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇರುವ ಹಕ್ಕು. ಮ್ಯಾನೇಜರರಿಗೆ ಮೊದಲ ದಿನವೇ ತಿಳಿಸು, ಬಾಗಿಲಿಗೆ ಚಿಲಕವಿರುವ ಕೋಣೆಯನ್ನೂ ಕೇಳಿಕೋ. ಸಂಕೋಚ ಬೇಡ.

ಪಂಪಿನ ಬೆಲೆಗಿಂತ ಮುಖ್ಯವಾದದ್ದು ಎದೆಗೆ ಹಚ್ಚುವ ಅದರ ಕೊಳವೆಬಾಯಿಯ ಅಳತೆ. ಹೆರಿಗೆಯಾದ ನಾಲ್ಕನೆಯ ದಿನ ಎದೆ ಕಲ್ಲಾಗಿ, ರಾತ್ರಿ ಒಂಬತ್ತಕ್ಕೆ ನಿನ್ನ ಅಪ್ಪಾಜಿ ಓಡಿಹೋಗಿ ತಂದ ಪಂಪು ನೆನಪಿದೆಯೇ? ಅದರ ಬಾಯಿ 28 ಮಿಲಿಮೀಟರು. ಎಳೆದಷ್ಟೂ ತೊಟ್ಟಿನ ಸುತ್ತಲ ಕಪ್ಪು ಭಾಗವೆಲ್ಲ ಒಳಗೆ ಹೋಗಿ, ಕೆಂಪು ಬಳೆಯಂತೆ ಬಾವು ಬಂತೇ ಹೊರತು ಹಾಲು ನಾಲ್ಕು ಹನಿಯೂ ಇಳಿಯಲಿಲ್ಲ. ಕೊನೆಗೆ ನಾನು ಬಿಸಿಬಟ್ಟೆ ಇಟ್ಟು, ಕೈಯಿಂದಲೇ ಮೆಲ್ಲಗೆ ಹಿಂಡಿ, ಸ್ಟೀಲಿನ ಬಟ್ಟಲಿಗೆ ಇಳಿಸಿದೆ. ದೋಷ ಪಂಪಿನದಲ್ಲ, ಅಳತೆಯದು. ಆದ್ದರಿಂದ ಸ್ಕೇಲು ಹಿಡಿದು ತೊಟ್ಟಿನ ಬುಡದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದುಕೋ; ಎರಡು ಬದಿಯ ಅಳತೆ ಬೇರೆಬೇರೆ ಇದ್ದರೂ ಗಾಬರಿಯಾಗಬೇಡ. ಅದಕ್ಕೆ ಸಮನಾದ, ಇಲ್ಲವೇ ಎರಡು ಮೂರು ಮಿಲಿಮೀಟರು ಹೆಚ್ಚಿರುವ ಬಾಯಿ ಸಾಕು. ಡಬ್ಬಿಯಲ್ಲಿ ಸಾಮಾನ್ಯವಾಗಿ 24ರದು ಬರುತ್ತದೆ. ನಿನಗೆ ಅದು ದೊಡ್ಡದಾದರೆ ಒಳಗೆ ಕೂರಿಸುವ ಸಿಲಿಕೋನಿನ ಚಿಕ್ಕ ಬಾಯಿಗಳು ಬೇರೆಯಾಗಿ ಸಿಗುತ್ತವೆ. ಎಳೆತವನ್ನು ಜೋರು ಮಾಡಿದರೆ ಹಾಲು ಹೆಚ್ಚು ಬರುತ್ತದೆ ಎಂಬುದು ಸುಳ್ಳು. ನೋವಾಗುವ ಹಂತಕ್ಕಿಂತ ಒಂದು ಮೆಟ್ಟಿಲು ಕೆಳಗೇ ನಿಲ್ಲಿಸು.

ನಿನ್ನ ನಾದಿನಿ ತನ್ನ ಹಳೆಯ ಪಂಪು ಕೊಡುತ್ತೇನೆಂದಿದ್ದಾಳಲ್ಲ, ಅವಳ ಪ್ರೀತಿ ದೊಡ್ಡದು, ಆದರೆ ಅದನ್ನು ಬಳಸಬೇಡ. ಹಾಲು ಮೋಟಾರಿನ ಕಡೆಗೆ ಹೋಗದಂತೆ ತಡೆಯುವ ಪರದೆ ಅದರಲ್ಲಿಲ್ಲ. ನಳಿಕೆಯೊಳಗೆ ಹೊಕ್ಕ ಹಸಿಯನ್ನು ಹೊರಗಿನಿಂದ ಎಷ್ಟು ತೊಳೆದರೂ ತೆಗೆಯಲಾಗದು. ಹೊಸದನ್ನು ಕೊಳ್ಳುವಾಗ ಆ ಪರದೆ ಇದೆಯೇ, ತುಟಿಯಂತಿರುವ ಪುಟ್ಟ ರಬ್ಬರು ವಾಲ್ವ್ ಬಿಡಿಯಾಗಿ ಸಿಗುತ್ತದೆಯೇ ಎಂದು ವಿಚಾರಿಸು. ಪಂಪು ಎಳೆಯುತ್ತಿಲ್ಲ ಎಂದಾಗ ಬಹುಪಾಲು ಹರಿದಿರುವುದು ಆ ವಾಲ್ವೇ.

ಬಾಟಲಿಯ ಮಾತು ಬಂದರೆ ನನಗೆ ಹಳೆಯ ಅಳುಕು ಇದೆ. ನನ್ನ ರಜೆ ಮುಗಿದು ನಾನು ಶಾಲೆಗೆ ಮರಳಿದಾಗ ನಿನಗೆ ಮೂರು ತಿಂಗಳು. ಪಾಠ ಮಾಡುವಾಗ ಸೆರಗೆಲ್ಲ ಒದ್ದೆಯಾಗುತ್ತಿತ್ತು, ಮನೆಯಲ್ಲಿ ನಿನಗೆ ಮಾತ್ರ ಪುಡಿಹಾಲು. ಅಂಗಡಿಯವನು ಕೊಟ್ಟ ಬಾಟಲಿಯ ಕುತ್ತಿಗೆ ಎಷ್ಟು ಸಣ್ಣದೆಂದರೆ ಬ್ರಷ್ಷು ತಳ ಮುಟ್ಟುತ್ತಿರಲಿಲ್ಲ. ಭೇದಿಯಾಗಿ ನಿನಗೆ ಎರಡು ದಿನ ಗ್ಲೂಕೋಸ್ ಹಾಕಿಸಿದೆವು. ಆದ್ದರಿಂದ ಬಣ್ಣ, ಹಿಡಿ, ಗೊಂಬೆಚಿತ್ರ ನೋಡದೆ, ಅಗಲ ಬಾಯಿಯ, ಮೂಲೆಗಳಿಲ್ಲದ ಬಾಟಲಿಯನ್ನೇ ಆರಿಸು. ಐಎಸ್ಐ ಗುರುತು ಇರಲೇಬೇಕು. ಶಿಶು ಆಹಾರ, ಹಾಲಿನ ಬಾಟಲಿಗಳ ಕುರಿತ 1992ರ ಕಾಯ್ದೆ ಅದಿಲ್ಲದ ಬಾಟಲಿಯ ಮಾರಾಟವನ್ನೇ ತಡೆದಿದೆ, ಬಾಟಲಿಗೆ ಜಾಹೀರಾತು ಕೊಡುವುದನ್ನೂ ನಿಷೇಧಿಸಿದೆ. ನೀನು ಮನೆಯಲ್ಲಿರದ ಒಂಬತ್ತು ಗಂಟೆಗೆ ಮೂರು ನಾಲ್ಕು ಬಾರಿ, ಬಾರಿಗೆ ನೂರು ಮಿಲಿಲೀಟರಿನ ಆಸುಪಾಸು ಹಾಲು ಬೇಕಾಗುತ್ತದೆ. ಹಾಗಾಗಿ 125ರ ನಾಲ್ಕು ಬಾಟಲಿ ಸಾಕು, 250ರದು ಬೇಡ. ನಿಪ್ಪಲ್ ಅತಿ ನಿಧಾನವಾಗಿ ಹನಿಯುವಂಥದ್ದಿರಲಿ. ಸರಾಗವಾಗಿ ಸುರಿಯುವುದಕ್ಕೆ ಒಗ್ಗಿದ ಕೂಸು ಸಂಜೆ ನಿನ್ನೆದೆಗೆ ಬಂದಾಗ ಮುನಿಸಿಕೊಳ್ಳುತ್ತದೆ.

ನಿಜ ಹೇಳಬೇಕೆಂದರೆ ಬಾಟಲಿಗಿಂತ ನನಗೆ ಕೂಸಿಗೆ ಹಾಲು ಕುಡಿಸುವ ಕೊಕ್ಕಿನ ಪುಟ್ಟ ಬಟ್ಟಲು, ಒಳಲೆಯೇ ಮೇಲು. ಅದಕ್ಕೆ ಸಂದಿಯಿಲ್ಲ, ಮುಚ್ಚಳವಿಲ್ಲ, ಒಂದೇ ಉಜ್ಜಿಗೆ ಸ್ವಚ್ಛ. ಆದರೆ ತಾಳ್ಮೆ ಬೇಕು, ಅತ್ತೆಯವರಿಗೆ ಅದಿದೆ.

ಹಾಲು ಇಡುವ ಲೆಕ್ಕದಲ್ಲಿ ಮಾತ್ರ ಎಚ್ಚರವಾಗಿರು. ಹೊರಗೆ ನಾಲ್ಕು ಗಂಟೆ ಇರುತ್ತದೆ ಎಂದು ಓದಿದೆಯಲ್ಲ, ಅದು 25 ಡಿಗ್ರಿಯ ತಂಪಿನ ಮಾತು. ನಮ್ಮ ಕಡೆಯ ಏಪ್ರಿಲ್‌ಗೆ ಆ ಲೆಕ್ಕ ಹೊಂದುವುದಿಲ್ಲ. ಹಾಲು ತೆಗೆದ ಕೂಡಲೇ, ರಾತ್ರಿಯಿಡೀ ಫ್ರೀಜರಿನಲ್ಲಿ ಗಟ್ಟಿಯಾದ ಐಸ್ ಪ್ಯಾಕುಗಳಿರುವ ಡಬ್ಬಿಗೆ ಸೇರಿಸು. ಮನೆಗೆ ಬಂದ ಮೇಲೆ ಫ್ರಿಜ್ಜಿನ ಬಾಗಿಲಲ್ಲಿಡದೆ ಹಿಂಬದಿಯಲ್ಲಿಡು. ನಾಲ್ಕು ದಿನ ಕೆಡುವುದಿಲ್ಲ. ಫ್ರಿಜ್ಜಿನ ಹಾಲಿನ ಮೇಲೆ ಕೆನೆ ಬೇರೆಯಾಗಿ ತೇಲುತ್ತದೆ. ಒಡೆದಿದೆಯೆಂದು ಅತ್ತೆಯವರು ಚೆಲ್ಲದಿರಲಿ, ಮೆಲ್ಲಗೆ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಒಲೆಯ ಮೇಲಿಡದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಬೇಕು, ಕೂಸು ಕುಡಿದುಳಿದದ್ದನ್ನು ಎರಡು ಗಂಟೆಯ ಮೇಲೆ ಇಡಬಾರದು.

ಕುದಿಸುವುದಕ್ಕೆ ಬೋರ್‌ವೆಲ್ ನೀರು ಬೇಡ. ಬಾಟಲಿಗೂ ವಾಲ್ವಿಗೂ ಬಿಳಿ ಉಪ್ಪು ಕಟ್ಟುತ್ತದೆ. ಫಿಲ್ಟರ್ ನೀರಿನಲ್ಲಿ ಐದು ನಿಮಿಷ ಕುದಿಸಿ, ಒರೆಸದೆ ಹಾಗೇ ಆರಲು ಬಿಡು. ಮೋಟಾರು, ನಳಿಕೆ ಆ ಪಾತ್ರೆಗೆ ಬೀಳದಿರಲಿ.

ನಿನ್ನ ಅಪ್ಪಾಜಿ ಭಾನುವಾರ ಸಿಂಧನೂರಿನ ಮೇಲೆ ಹೋಗುವ ಬಸ್ಸಿಗೆ ಬರುತ್ತಾರೆ. ನಿನ್ನ ಅಜ್ಜಿಯ ಬೆಳ್ಳಿ ಒಳಲೆಯನ್ನು ವಿಭೂತಿಯಲ್ಲಿ ತಿಕ್ಕಿ ಅವರ ಚೀಲದಲ್ಲಿಟ್ಟಿದ್ದೇನೆ. ಕೊಕ್ಕಿನ ತುದಿ ಸ್ವಲ್ಪ ನೆಗ್ಗಿದೆ. ನೀನೇ ಎಸೆದು ನೆಗ್ಗಿಸಿದ್ದು. ಕುಡಿಸುವುದಕ್ಕೆ ಅಡ್ಡಿಯಿಲ್ಲ. ಅಳತೆ ತೆಗೆದ ಮೇಲೆ ನನಗೊಂದು ಫೋನು ಮಾಡು.

ಇಂತಿ,
ನಿನ್ನ ಅವ್ವ