ಗಡಿಬಿಂದುಗಳ ಮೇಲೆ ಕಣ್ಣಿಟ್ಟವರಿಗೆ ಧನ್ಯವಾದ

ಪೀಸ್‌ವೈಸ್ ಫಂಕ್ಷನ್‌ಗಳಿಗಾಗಿ, ಅಂದರೆ ಎಕ್ಸ್‌ನ ಬೇರೆಬೇರೆ ವ್ಯಾಪ್ತಿಗೆ ಬೇರೆಬೇರೆ ಸೂತ್ರವಿರುವ, ತುಂಡುತುಂಡಾದ ಫಂಕ್ಷನ್‌ಗಳಿಗಾಗಿ ಹೊಸದಾಗಿ ಬರೆದ ಕೋಡ್ ನಮ್ಮ ಮುಕ್ತ ಗಣಿತ ತಂತ್ರಾಂಶದ ಮುಖ್ಯ ಶಾಖೆಗೆ ಸೇರಿತು. ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಜಾಗವೇ ಗಡಿಬಿಂದು. ಬರೀ "ಎಲ್ಲರಿಗೂ ಥ್ಯಾಂಕ್ಸ್" ಎಂದು ಮುಗಿಸಿದರೆ ಯಾರ ಶ್ರಮದಿಂದ ಏನು ಸರಿಹೋಯಿತು ಎಂಬುದು ಕಾಣದೇ ಹೋಗುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ.

ಮೊದಲ ನಮಸ್ಕಾರ ಅನುಕಲನದ (ಇಂಟಿಗ್ರೇಷನ್) ಬಗ್ ಹಿಡಿದವರಿಗೆ. ಅವರು ಕಳಿಸಿದ ಉದಾಹರಣೆ ಮೂರೇ ತುಂಡಿನದು: ಎಕ್ಸ್ 0ಗಿಂತ ಕಡಿಮೆ ಇದ್ದಾಗ ಬೆಲೆ 0, 0ರಿಂದ 1ರವರೆಗೆ 1, ಅಲ್ಲಿಂದಾಚೆ 2. ಹಳೆಯ ಕೋಡ್ ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಅನುಕಲಿಸಿ 0, ಎಕ್ಸ್, 2ಎಕ್ಸ್ ಎಂದು ಕೊಡುತ್ತಿತ್ತು. ನೋಡಲು ಎಲ್ಲವೂ ಸರಿ. ಆದರೆ 0ರಿಂದ 2ರವರೆಗಿನ ವಿಸ್ತೀರ್ಣ ಕೇಳಿದರೆ ತುದಿಗಳ ಬೆಲೆ ಕಳೆದು 4 ಎನ್ನುತ್ತಿತ್ತು. ನಿಜವಾದ ಉತ್ತರ 1 ಕೂಡಿಸು 2, ಅಂದರೆ 3. ಎಕ್ಸ್ 1 ಆಗುವಲ್ಲಿ ಎಡದಿಂದ ಬಂದರೆ 1, ಬಲದಿಂದ ಬಂದರೆ 2, ಆ ಜಿಗಿತವೇ ಸುಮ್ಮನೆ ಉತ್ತರದೊಳಗೆ ಸೇರಿಕೊಂಡಿತ್ತು. ಈಗ ಕೋಡ್ ಎಡದಿಂದ ಬಲಕ್ಕೆ ಸಾಗುತ್ತಾ ಪ್ರತಿ ಗಡಿಬಿಂದುವಿನಲ್ಲೂ ಬೆಲೆಗಳು ಕೂಡುವಂತೆ ಸ್ಥಿರಾಂಕ ಸೇರಿಸುತ್ತದೆ. ಕೊನೆಯ ತುಂಡು 2ಎಕ್ಸ್ − 1 ಆಗುತ್ತದೆ. ಎರರ್ ಬಂದರೆ ಯಾರಾದರೂ ಗಮನಿಸುತ್ತಾರೆ, ತಪ್ಪು ಉತ್ತರ ಸದ್ದಿಲ್ಲದೆ ಬಂದಾಗ ಕೈಯಲ್ಲಿ ಲೆಕ್ಕ ಹಾಕಿ ನೋಡುವವರು ವಿರಳ. ಅಂಥವರಿಗೆ ನಾವು ತುಂಬಾ ಋಣಿ.

ಕೋಡ್ ಸೇರಿಸುವ ಮುನ್ನ ಅದನ್ನು ರಿವ್ಯೂ ಮಾಡಿದವರು ಒಂದು ವಿಷಯದಲ್ಲಿ ಪಟ್ಟು ಬಿಡಲಿಲ್ಲ. ಗಡಿಗಳು ಸಂಖ್ಯೆಗಳಾಗಿರದೆ ಎ, ಬಿ ಎಂಬ ಅಕ್ಷರಗಳಾಗಿದ್ದರೆ ಯಾವುದು ದೊಡ್ಡದು ಎಂದು ತಂತ್ರಾಂಶ ಊಹಿಸಬಾರದು ಎಂದರು. ಅವರ ಮಾತಿನಂತೆ, ಕ್ರಮ ತೀರ್ಮಾನವಾಗದಿದ್ದರೆ ಅನುಕಲನವನ್ನು ಬಿಡಿಸದೆ ಹಾಗೇ ಉಳಿಸುತ್ತೇವೆ. ಬಳಕೆದಾರರಿಗೆ ಇದು ಕೊಂಚ ನಿರಾಶೆ ತರಬಹುದು, ಆದರೂ ಇದೇ ಸರಿ ಎಂದು ನಮ್ಮ ನಂಬಿಕೆ.

ವೇಗದ ಕೆಲಸ ಮಾಡಿದವರ ಉಪಕಾರವೂ ಚಿಕ್ಕದಲ್ಲ. ಮೂರು ಮೂರು ತುಂಡಿನ ಐದು ಫಂಕ್ಷನ್‌ಗಳನ್ನು ಗುಣಿಸಿದರೆ ಷರತ್ತುಗಳ ಜೋಡಣೆ 243 ಆಗುತ್ತದೆ, ಹೆಚ್ಚಿನವು ಎಂದೂ ನಿಜವಾಗದ ಖಾಲಿ ಷರತ್ತುಗಳು. ಅದರ ಬದಲು ಮೊದಲೇ ಎಲ್ಲ ಗಡಿಬಿಂದುಗಳನ್ನು ಒಟ್ಟು ಮಾಡಿ ಏರಿಕೆ ಕ್ರಮದಲ್ಲಿ ಜೋಡಿಸಿದರೆ ಹೆಚ್ಚೆಂದರೆ 10 ಬಿಂದು, ಅವು ಬೇರ್ಪಡಿಸುವ 11 ಭಾಗ. ಬಿಂದುಗಳಲ್ಲಿನ ಬೆಲೆಯನ್ನು ಮಾತ್ರ ಪ್ರತ್ಯೇಕವಾಗಿ ನೋಡಬೇಕು, ಇಲ್ಲದಿದ್ದರೆ "ಕಡಿಮೆ" ಮತ್ತು "ಕಡಿಮೆ ಅಥವಾ ಸಮ" ಎರಡೂ ಒಂದೇ ಆಗಿಬಿಡುತ್ತವೆ.

ಒಂದರ ಮೇಲೊಂದು ಬೀಳುವ ಷರತ್ತುಗಳನ್ನು ಏನು ಮಾಡುವುದು ಎಂಬ ಚರ್ಚೆ ದೀರ್ಘವಾಗಿಯೇ ನಡೆಯಿತು. ಸಿಮ್‌ಪೈ, ಸೇಜ್‌ಮ್ಯಾಥ್ ಎರಡೂ ಇಂಥದ್ದೇ ಮುಕ್ತ ಗಣಿತ ತಂತ್ರಾಂಶಗಳು. ಸಿಮ್‌ಪೈನಲ್ಲಿ ಮೊದಲು ನಿಜವಾದ ಷರತ್ತಿಗೇ ಮಾನ್ಯತೆ. ಸೇಜ್‌ಮ್ಯಾಥ್ ಅಂಥದ್ದನ್ನು ಒಪ್ಪದೆ ಎರರ್ ಕೊಡುತ್ತದೆ. ಬಳಕೆದಾರರು ಫಂಕ್ಷನ್ ಬರೆಯುವಾಗ ಮೊದಲನೆಯ ರೀತಿಯನ್ನೂ, ತಂತ್ರಾಂಶ ಒಳಗೆ ಲೆಕ್ಕ ಮಾಡುವಾಗ ಎರಡನೆಯದನ್ನೂ ಅನುಸರಿಸಿದ್ದೇವೆ. ಇದನ್ನು ಕೈಪಿಡಿಯಲ್ಲಿ ಯಾರಿಗೂ ಗೊಂದಲವಾಗದಂತೆ ಬರೆದುಕೊಟ್ಟವರಿಗೆ ವಿಶೇಷ ವಂದನೆ.

ಅರೇಗಳ (ಸಂಖ್ಯೆಗಳ ಪಟ್ಟಿಗಳ) ಮೇಲೆ ಟೆಸ್ಟ್ ಮಾಡಿದವರು ತೋರಿಸಿದ್ದು ಇನ್ನೊಂದು. ಸೈನ್ ಎಕ್ಸ್ ಭಾಗಿಸು ಎಕ್ಸ್, 0ಯಲ್ಲಿ ಮಾತ್ರ 1 ಎಂದು ಬರೆದರೂ ಸೊನ್ನೆಯಿಂದ ಭಾಗಿಸಿದ ಎಚ್ಚರಿಕೆ ಬರುತ್ತಿತ್ತು. ಅರೇ ಲೆಕ್ಕಗಳಿಗೆ ಬಳಸುವ ನಂಪೈ ಲೈಬ್ರರಿಯಲ್ಲಿ, ಷರತ್ತಿಗೆ ತಕ್ಕ ಬೆಲೆ ಆರಿಸುವ ಸೆಲೆಕ್ಟ್ ಎಂಬ ಫಂಕ್ಷನ್‌ಗೆ ಎಲ್ಲ ತುಂಡುಗಳನ್ನೂ ಮೊದಲೇ ಲೆಕ್ಕ ಹಾಕಿ ಕೊಡಬೇಕಾಗುವುದೇ ಕಾರಣ. ಈಗ ಷರತ್ತು ನಿಜವಾದ ಜಾಗಗಳಲ್ಲಷ್ಟೇ ಆಯಾ ತುಂಡನ್ನು ಲೆಕ್ಕ ಹಾಕುತ್ತೇವೆ.

ಕಾನ್ವಲ್ಯೂಷನ್, ಅಂದರೆ ಒಂದು ಫಂಕ್ಷನ್ನನ್ನು ತಿರುಗಿಸಿ ಇನ್ನೊಂದರ ಮೇಲೆ ಸರಿಸುತ್ತಾ ಎರಡರ ಗುಣಲಬ್ಧವನ್ನು ಅನುಕಲಿಸುವುದು, ಇನ್ನೂ ಬಾಕಿಯಿದೆ. 0ರಿಂದ 1ರವರೆಗೆ ಬೆಲೆ 1, ಉಳಿದೆಡೆ 0 ಇರುವ ಫಂಕ್ಷನ್ನನ್ನು ಅದರೊಂದಿಗೇ ಕಾನ್ವಲ್ವ್ ಮಾಡಿದರೆ 0ರಿಂದ 1ರವರೆಗೆ ಎಕ್ಸ್, 1 ದಾಟಿದ ಮೇಲೆ 2 − ಎಕ್ಸ್, 2ರಾಚೆ 0 ಬರಬೇಕು. ಅನುಕಲನದ ಮಿತಿಗಳೇ ಎಕ್ಸ್ ಜೊತೆ ಸರಿಯುವುದರಿಂದ ಗಡಿಗಳ ಕ್ರಮ ಹಂತಹಂತಕ್ಕೂ ಬದಲಾಗುತ್ತದೆ, ಕಷ್ಟವಿರುವುದು ಅಲ್ಲೇ. ಅದಕ್ಕೆ ಈಗಾಗಲೇ ಟೆಸ್ಟ್‌ಗಳನ್ನು ಬರೆದು ಕಳಿಸಿರುವವರಿಗೂ ನಮ್ಮ ಧನ್ಯವಾದಗಳು.