ಪ್ಲೇಗಿನ ಕಾದಂಬರಿ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಅಧ್ಯಾಯಗಳನ್ನು ಓದಿದೆ. ಹೆಣಗಳು ಜಾಸ್ತಿಯಾದವು. 1347ರಲ್ಲಿ ಸಿಸಿಲಿಯ ಮೆಸ್ಸೀನಾಕ್ಕೆ ಹಡಗು ಬಂದಲ್ಲಿಂದ ಶುರುವಾಗಿ ಪುಟಪುಟಕ್ಕೂ ಸಾವು. ಸ್ವಲ್ಪ ಹೊತ್ತಿಗೆ ಓದುವವರ ಮನಸ್ಸು ಮರಗಟ್ಟುತ್ತದೆ. ಸಾವನ್ನು ಬಿಟ್ಟುಬಿಡು ಅನ್ನುತ್ತಿಲ್ಲ. ಅದರ ಎದುರು ಯಾವ ಕಟ್ಟಳೆ ಸಡಿಲವಾಯಿತು, ಯಾವುದನ್ನು ಬಿಗಿ ಮಾಡಿದರು, ಅದನ್ನು ಹುಡುಕು.

1349ರ ಜನವರಿಯಲ್ಲಿ ಇಂಗ್ಲೆಂಡಿನ ಬಾತ್ ಮತ್ತು ವೆಲ್ಸ್ ಪ್ರಾಂತ್ಯದ ಬಿಷಪ್ ರಾಲ್ಫ್ ಒಂದು ಪತ್ರ ಹೊರಡಿಸಿದ. ರೋಗಿಗಳ ಹತ್ತಿರ ಹೋಗಲು ಪಾದ್ರಿಗಳೇ ಸಿಗುತ್ತಿರಲಿಲ್ಲ. ಮಾಡಿದ ಪಾಪವನ್ನು ಪಾದ್ರಿಗೆ ಹೇಳಿಕೊಳ್ಳದೆ ಸತ್ತರೆ ಗತಿಯೇನು ಅಂತ ಜನ ಒದ್ದಾಡುತ್ತಿದ್ದರು. ಪಾದ್ರಿ ಇಲ್ಲದಿದ್ದರೆ ಯಾರ ಹತ್ತಿರವಾದರೂ ಹೇಳಿಕೊಳ್ಳಿ, ಗಂಡಸು ಸಿಗದಿದ್ದರೆ ಹೆಂಗಸಾದರೂ ಸರಿ ಅಂದ ಬಿಷಪ್. ಕೇಳಿಸಿಕೊಂಡವರು ಬಾಯಿ ಬಿಡಕೂಡದು ಅಂತಲೂ ಸೇರಿಸಿದ. ಚರ್ಚು ಶತಮಾನಗಳಿಂದ ಪಾದ್ರಿಗಳಿಗೇ ಅಂತ ಕಾಪಾಡಿಕೊಂಡು ಬಂದ ಅಧಿಕಾರ ಅದು! ಈಗ ದೃಶ್ಯ ಕಟ್ಟು. ಜ್ವರದಲ್ಲಿ ಬೇಯುತ್ತಿರುವವನು ಪಕ್ಕದ ಮನೆಯವಳಿಗೆ ತನ್ನದೆಲ್ಲ ಹೇಳಿಬಿಡುತ್ತಾನೆ. ಆಮೇಲೆ ಬದುಕಿಕೊಳ್ಳುತ್ತಾನೆ. ನಾಳೆ ಬಾವಿಕಟ್ಟೆಯಲ್ಲಿ ಅವಳು ಎದುರಾದರೆ?

ಪಾಪ ಕಳೆಯಲಿ ಅಂತ ಚಾವಟಿಯಿಂದ ಮೈ ಬಾರಿಸಿಕೊಳ್ಳುತ್ತಾ ಊರೂರು ಸುತ್ತುವವರಿಗೆ ನೀನು ಇಡೀ ಅಧ್ಯಾಯ ಕೊಟ್ಟಿದ್ದೀಯ. ಒಂದು ಪುಟ ಸಾಕು. ನೋಡಲು ರೋಚಕ ಅಂತ ಎಲ್ಲರೂ ಅವರನ್ನೇ ಬರೆಯುತ್ತಾರೆ.

ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್ ನಗರದ ಅಧ್ಯಾಯವೇ ನನಗೆ ಒಪ್ಪಿಗೆಯಾಗಲಿಲ್ಲ. ಜನ ಹೆದರಿ ಯಹೂದಿಗಳನ್ನು ಸುಟ್ಟರು ಅಂತ ಮುಗಿಸಿಬಿಟ್ಟಿದ್ದೀಯ. 1349ರ ಫೆಬ್ರವರಿ 14ರಂದು ಆ ಬೆಂಕಿ ಹೊತ್ತಿದಾಗ ಪ್ಲೇಗು ಇನ್ನೂ ಆ ಊರಿಗೆ ಕಾಲಿಟ್ಟಿರಲಿಲ್ಲ. ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಅನ್ನುವ ಗಾಳಿಮಾತು ಮಾತ್ರ ಬಂದಿತ್ತು. ಯಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರಲ್ಲ ಅಂತ ಪೋಪ್ ಆರನೇ ಕ್ಲೆಮೆಂಟ್ 1348ರಲ್ಲೇ ಹೇಳಿದ್ದ. ಯಹೂದಿಗಳ ಪರ ನಿಂತ ನಗರದ ಮುಖ್ಯಸ್ಥರನ್ನು ಕೆಲವೇ ದಿನ ಮೊದಲು ಕೆಳಗಿಳಿಸಿದ್ದರು. ಸುಟ್ಟ ಮೇಲೆ ಏನಾಯಿತು ಗೊತ್ತಾ? ಅವರಿಗೆ ಕೊಡಬೇಕಿದ್ದ ಸಾಲಗಳೆಲ್ಲ ವಜಾ. ಅಡವಿಟ್ಟ ಸಾಮಾನು ವಾಪಸ್. ದುಡ್ಡು ಹಂಚಿಕೆಯಾಯಿತು. ಭಯ ಇರಲಿಲ್ಲ ಅಂತಲ್ಲ. ಆದರೆ ನಿನ್ನ ಗುಂಪಿನಲ್ಲಿ ಸಾಲಗಾರ ಯಾರು? ಅವನ ಹೆಂಡತಿ ಆ ಸಂಜೆ ಅಡವಿನ ಬೆಳ್ಳಿ ಬಟ್ಟಲನ್ನು ಎಲ್ಲಿಡುತ್ತಾಳೆ? ಇದನ್ನು ಬರೆಯದೆ ಆ ಅಧ್ಯಾಯ ಮುಟ್ಟಬೇಡ.

ಕೊನೆಗೆ ರೈತ ಬಡವಾಗಿಯೇ ಉಳಿದ ಅಂತ ಬರೆದಿದ್ದೀಯ. ಸುಮ್ನೆ ಹಾಗೆ ಹೇಳಿಬಿಡಬೇಡ. ಆಳು ಸಿಗದೆ ಕೂಲಿ ಏರಿತ್ತು. ಅದಕ್ಕೇ ಅಲ್ವಾ, ಪ್ಲೇಗಿಗೆ ಮೊದಲಿದ್ದ ಕೂಲಿಗೇ ದುಡಿಯಬೇಕು ಅಂತ ಇಂಗ್ಲೆಂಡಿನ ರಾಜ 1349ರಲ್ಲಿ ಆಜ್ಞೆ ತಂದಿದ್ದು? ನಿನ್ನ ರೈತ ಬಾಯಿಬಿಟ್ಟು ಜಾಸ್ತಿ ಕೇಳಲಿ. ಸ್ಟ್ರಾಸ್‌ಬರ್ಗ್ ಭಾಗ ತಿದ್ದಿದ ಮೇಲೆ ಮೊದಲು ಅದನ್ನೇ ಕಳಿಸು.

ನಿನ್ನ,
ಅಣ್ಣ